ದೇವಿಮನೆ ಘಟ್ಟದ ಮಂಜಿಗಾಗಿ ಕಟ್ಟಿದ ಹೆಡ್ ಅಪ್ ಡಿಸ್‌ಪ್ಲೇ

ಶಿರಸಿಯಿಂದ ಕುಮಟಾಕ್ಕೆ ಇಳಿಯುವ ದೇವಿಮನೆ ಘಟ್ಟದಲ್ಲಿ ಮಳೆಗಾಲದ ಮಂಜು ಕವಿದಾಗ ಸ್ಪೀಡೋಮೀಟರ್ ನೋಡಲು ಕಣ್ಣು ತಗ್ಗಿಸುವುದು ನನಗೆ ಸದಾ ಅಳುಕಿನ ವಿಷಯ. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿದ್ದರೂ ಕಾರು ಪ್ರತಿ ಸೆಕೆಂಡಿಗೆ 10 ಮೀಟರ್ ಮುಂದೆ ಹೋಗಿರುತ್ತದೆ. ಕಣ್ಣು ರಸ್ತೆಗೆ ಮರಳಿದ ಮೇಲೂ ಹತ್ತಿರದ ಅಂಕಿಯಿಂದ ದೂರದ ತಿರುವಿಗೆ ಹೊಂದಿಕೊಳ್ಳಲು ಅದಕ್ಕೆ ಇನ್ನಷ್ಟು ಹೊತ್ತು ಬೇಕು. ವೇಗದ ಅಂಕಿಯನ್ನು ರಸ್ತೆಯ ಮೇಲೆಯೇ, ರಸ್ತೆಯಷ್ಟೇ ದೂರದಲ್ಲಿ ನಿಲ್ಲಿಸಬೇಕೆಂಬ ಆಸೆಯಿಂದ ಹೆಡ್ ಅಪ್ ಡಿಸ್‌ಪ್ಲೇ, ಅಂದರೆ ತಲೆ ತಗ್ಗಿಸದೆ ಓದಬಹುದಾದ ಅಂಕಿಯನ್ನು ಎದುರಿಗೇ ತೋರಿಸುವ ಈ ಉಪಕರಣವನ್ನು ಮನೆಯಲ್ಲಿಯೇ ಕಟ್ಟಿದೆ.

ಮೊಬೈಲನ್ನು ಡ್ಯಾಶ್‌ಬೋರ್ಡಿನ ಮೇಲೆ ಮಲಗಿಸಿ, ಅದರ ಪ್ರತಿಬಿಂಬವನ್ನು ಮುಂಗಾಜಿನಲ್ಲಿ ನೋಡುವ ಆ್ಯಪ್‌ಗಳನ್ನು ಹಲವರು ಬಳಸುತ್ತಾರೆ. ಅದರಿಂದ ತಲೆ ತಗ್ಗಿಸುವುದು ತಪ್ಪುತ್ತದೆ, ಕಣ್ಣಿನ ಶ್ರಮ ತಪ್ಪುವುದಿಲ್ಲ. ಮೊಬೈಲು ಗಾಜಿನಿಂದ ಎಷ್ಟು ದೂರವಿದೆಯೋ ಪ್ರತಿಬಿಂಬವೂ ಗಾಜಿನ ಆಚೆಗೆ ಅಷ್ಟೇ ದೂರದಲ್ಲಿ ಮೂಡುವುದರಿಂದ, ಅಂಕಿ ಬಾನೆಟ್ಟಿನ ಆಸುಪಾಸಿನಲ್ಲಿಯೇ ಉಳಿಯುತ್ತದೆ. ಅದನ್ನು ದೂರಕ್ಕೆ ಕಳಿಸುವುದು ಮಸೂರ. ಪೀನಮಸೂರದ ಸಂಗಮದೂರದಲ್ಲಿ, ಅಂದರೆ ದೂರದಿಂದ ಬಂದ ಬೆಳಕನ್ನು ಅದು ಒಂದೆಡೆ ಕೂಡಿಸುವಷ್ಟು ದೂರದಲ್ಲಿ, ಅಂಕಿ ತೋರಿಸುವ ಪರದೆಯನ್ನಿಟ್ಟರೆ ಅದರ ಪ್ರತಿ ಬಿಂದುವಿನಿಂದ ಹೊರಟ ಕಿರಣಗಳು ಸಮಾಂತರವಾಗಿ ಹೊರಬರುತ್ತವೆ, ಕಣ್ಣಿಗೆ ಅವು ಅನಂತ ದೂರದಿಂದ ಬಂದಂತೆ ತೋರುತ್ತವೆ. ಐರ್ಲೆಂಡಿನ ಹೊವಾರ್ಡ್ ಗ್ರಬ್ 1900ರಲ್ಲಿ ಬಂದೂಕಿನ ಗುರಿಗೆ ಬಳಸಿದ್ದು ಇದೇ ತತ್ತ್ವವನ್ನು. ವೈಜ್ಞಾನಿಕ ಉಪಕರಣಗಳನ್ನು ರೂಪಿಸುವ ಚಂಡೀಗಢದ ಸಿಎಸ್‌ಐಓ ಸಂಸ್ಥೆ ತೇಜಸ್ ಯುದ್ಧವಿಮಾನಕ್ಕಾಗಿ ರೂಪಿಸಿದ ಡಿಸ್‌ಪ್ಲೇಯೂ ಇದನ್ನೇ ಆಧರಿಸಿದೆ. ನಮ್ಮ ಕಾರವಾರವನ್ನೇ ನೆಲೆಯಾಗಿಸಿಕೊಂಡಿರುವ ವಿಕ್ರಮಾದಿತ್ಯ ನೌಕೆಯ ಮೇಲೆ 2020ರ ಜನವರಿಯಲ್ಲಿ ನೌಕಾ ತೇಜಸ್ ಇಳಿದ ಸುದ್ದಿಯನ್ನು ಓದಿದಾಗ ನನ್ನ ಗಮನವೆಲ್ಲ ಪೈಲಟ್ಟಿನ ಮುಂದಿನ ಆ ಗಾಜಿನ ತುಂಡಿನ ಮೇಲೆಯೇ ಇತ್ತು.

ಯಾವ ಮಸೂರವೆಂಬುದು ಇಡೀ ಕೆಲಸದ ಹೃದಯ. 75 ಮಿಲಿಮೀಟರ್ ಅಗಲದ ಸಾಮಾನ್ಯ ಭೂತಗನ್ನಡಿ ಸಾಕೆಂದು ಮೇಲ್ನೋಟಕ್ಕೆ ಅನಿಸುತ್ತದೆ. ಆದರೆ ಕಣ್ಣಿನಿಂದ 70 ಸೆಂಟಿಮೀಟರ್ ದೂರದಲ್ಲಿ ಅದು 6 ಡಿಗ್ರಿಯಷ್ಟು ಅಗಲದ ಕಿಟಕಿ ಮಾತ್ರ. ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು 65 ಮಿಲಿಮೀಟರ್ ಅಂತರವಿರುವುದರಿಂದ ಒಂದೊಂದು ಕಣ್ಣಿಗೆ ಪರದೆಯ ಬೇರೆ ಬೇರೆ ಭಾಗ ಕಾಣುತ್ತದೆ, ಎರಡಕ್ಕೂ ಒಟ್ಟಿಗೆ ಕಾಣುವುದು 1 ಡಿಗ್ರಿಗೂ ಕಡಿಮೆ. ಹೀಗಾಗಿ ಪುಸ್ತಕದ ಪುಟವನ್ನೇ ಹಿಗ್ಗಿಸಿ ತೋರಿಸುವ, ಒಂದು ಮುಖದಲ್ಲಿ ಉಂಗುರದಂಥ ಸಣ್ಣ ಗೀರುಗಳಿರುವ, ಪ್ಲಾಸ್ಟಿಕ್ ಹಾಳೆಯಂಥ ಫ್ರೆನೆಲ್ ಮಸೂರವನ್ನು ಆರಿಸಿದೆ. ಅದರ ಅಗಲ 180 ಮಿಲಿಮೀಟರ್ ಇರುವುದರಿಂದ ಎರಡೂ ಕಣ್ಣಿಗೆ ಒಟ್ಟಿಗೆ 9 ಡಿಗ್ರಿ ಸಿಗುತ್ತದೆ, ಎರಡಂಕಿಯ ವೇಗಕ್ಕೆ ಅದು ಧಾರಾಳ. ದೂರದ ತೆಂಗಿನಮರದ ಬಿಂಬವನ್ನು ಗೋಡೆಯ ಮೇಲೆ ಸ್ಪಷ್ಟವಾಗಿ ಮೂಡಿಸಿ ಅಳೆದಾಗ ಸಂಗಮದೂರ 300 ಮಿಲಿಮೀಟರ್ ಬಂತು. ಹಾಳೆಯ ಗೀರುಗಳಿರುವ ಮುಖ ಪರದೆಯ ಕಡೆಗಲ್ಲ, ಸಮಾಂತರ ಕಿರಣಗಳು ಹೊರಡುವ ಕಡೆಗೆ ಇರಬೇಕು. ಹಾಗಿಟ್ಟರೆ ಅಂಕಿಯ ಅಂಚು ಹರಿತವಾಗಿ ಕಾಣುತ್ತದೆ.

ಪರದೆಯನ್ನು ಸಂಗಮದೂರಕ್ಕಿಂತ ಒಂದು ಕೂದಲೆಳೆಯಷ್ಟೂ ಆಚೆಗೆ ಇಡಬಾರದು. ಆಚೆಗೆ ಹೋದರೆ ಕಿರಣಗಳು ಒಳಮುಖವಾಗಿ ಬಾಗಿ, ಕಣ್ಣು ಎಷ್ಟು ಪ್ರಯತ್ನಿಸಿದರೂ ಅಂಕಿ ಮಸುಕಾಗಿಯೇ ಕಾಣುತ್ತದೆ. 1 ಮಿಲಿಮೀಟರ್ ಒಳಗಿದ್ದರೆ ಬಿಂಬ ಸುಮಾರು 90 ಮೀಟರ್ ದೂರದಲ್ಲಿ, 3 ಮಿಲಿಮೀಟರ್ ಒಳಗಿದ್ದರೆ 30 ಮೀಟರ್ ದೂರದಲ್ಲಿ ನಿಲ್ಲುತ್ತದೆ. 30 ಮಿಲಿಮೀಟರ್ ಒಳಸರಿದರೆ 3 ಮೀಟರಿಗೂ ಹತ್ತಿರ ಬಂದುಬಿಡುತ್ತದೆ. ಹೀಗಾಗಿ ಪರದೆಯನ್ನು ಉದ್ದ ಸ್ಕ್ರೂ ಒಂದರ ಮೇಲೆ ಕೂರಿಸಿದ್ದೇನೆ. ಕಾರವಾರದ ಕಡಲತೀರದಲ್ಲಿ ಕಾರು ನಿಲ್ಲಿಸಿ, ದೇವಗಡ ದ್ವೀಪದ ದೀಪಸ್ತಂಭದ ಪಕ್ಕಕ್ಕೆ ಅಂಕಿ ಬರುವಂತೆ ಮಾಡಿ, ತಲೆಯನ್ನು ಎಡಬಲಕ್ಕೆ ಆಡಿಸುತ್ತ, ಅಂಕಿ ದೀಪಸ್ತಂಭವನ್ನು ಬಿಟ್ಟು ಸರಿಯದಿರುವವರೆಗೂ ಸ್ಕ್ರೂ ತಿರುಗಿಸಿದೆ.

ಮಸೂರದಿಂದ ಹೊರಬಂದ ಬೆಳಕನ್ನು ಕಣ್ಣಿಗೆ ತಿರುಗಿಸುವುದು 45 ಡಿಗ್ರಿ ವಾಲಿಸಿದ ಪಾರದರ್ಶಕ ಅಕ್ರಿಲಿಕ್ ಹಾಳೆ. ಒಡೆದರೆ ಚೂರಾಗುವ ಗಾಜು ಅಲ್ಲಿ ಬೇಡ. ಹಾಳೆಯ ಎರಡು ಮುಖಗಳಿಂದ ಎರಡು ಪ್ರತಿಬಿಂಬ ಹುಟ್ಟುತ್ತವಾದರೂ, ಕಿರಣಗಳು ಸಮಾಂತರವಾಗಿರುವುದರಿಂದ ಅವು ಒಂದರ ಮೇಲೊಂದು ಕೂತು ಒಂದೇ ಆಗಿ ಕಾಣುತ್ತವೆ. ಮೊಬೈಲಿನ ಪ್ರತಿಬಿಂಬ ಜೋಡಿಯಾಗಿ ಕಾಣುವುದೇಕೆಂದೂ ಇದರಿಂದ ತಿಳಿಯುತ್ತದೆ. ಪರದೆ ಮತ್ತು ಮಸೂರವಿರುವ ಡಬ್ಬಿಯ ಉದ್ದ ತಗ್ಗಿಸಲು ಒಳಗೊಂದು ಕನ್ನಡಿಯನ್ನು ಇಟ್ಟಿರುವುದರಿಂದ ಎರಡು ಬಾರಿ ಪ್ರತಿಫಲನವಾಗಿ, ಅಂಕಿ ತಿರುವುಮುರುವಾಗದೆ ನೇರವಾಗಿಯೇ ಓದಿಸಿಕೊಳ್ಳುತ್ತದೆ. ವೇಗದ ಮಾಹಿತಿಯನ್ನು ಕಾರಿನ ಕಂಪ್ಯೂಟರಿನ ಮಾಹಿತಿ ಕೊಡುವ ಓಬಿಡಿ ಪೋರ್ಟಿನಿಂದ ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು ಪಡೆಯುತ್ತದೆ. ಘಟ್ಟದ ದಟ್ಟ ಮರಗಳ ಕೆಳಗೆ ಜಿಪಿಎಸ್ ನಂಬುವಂತಿಲ್ಲ.

ಓದುವ ಕನ್ನಡಕವಿಲ್ಲದೆ ಡ್ಯಾಶ್‌ಬೋರ್ಡಿನ ಅಂಕಿ ಕಾಣದ ನಮ್ಮ ಅಪ್ಪಯ್ಯನನ್ನು ಸೀಟಿನಲ್ಲಿ ಕೂರಿಸಿದಾಗ, "ಕನ್ನಡ್ಕ ಇಲ್ದೇ ಕಾಣ್ತಲೋ ತಮಾ!" ಎಂದ. ದೂರದ ವಸ್ತು ಸರಿಯಾಗಿ ಕಾಣುವವರಿಗೆ ದೂರದಲ್ಲಿರುವ ಅಂಕಿಯೂ ಕಾಣಲೇಬೇಕು ಎಂಬುದು ಲೆಕ್ಕದಲ್ಲಿ ಗೊತ್ತಿದ್ದರೂ, ಅವನ ಮುಖ ನೋಡಿ ಆದ ಸಂತೋಷವೇ ಬೇರೆ.

ಕಟ್ಟುವವರು ಒಂದು ಅಪಾಯವನ್ನು ಮರೆಯಬಾರದು. ಪರದೆ ಇರುವುದು ಮಸೂರದ ಸಂಗಮದ ಬಳಿಯೇ ಆದ್ದರಿಂದ, ನಿಲ್ಲಿಸಿದ ಕಾರಿನೊಳಗೆ ಬಿದ್ದ ಬಿಸಿಲು ಅದೇ ದಾರಿಯಲ್ಲಿ ಹಿಂದಿರುಗಿ ಪರದೆಯನ್ನು ಸುಡಬಲ್ಲದು, ಬೆಂಕಿಯನ್ನೂ ಹೊತ್ತಿಸಬಲ್ಲದು. ಕಾರು ನಿಂತೊಡನೆ ಮುಚ್ಚಳ ಹಾಕಲೇಬೇಕು. ಮಲೆನಾಡಿನ ತೇವಕ್ಕೆ ಬೂಷ್ಟು ಹಿಡಿಯದಂತೆ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣವೂ ಇರಲಿ.

ಇನ್ನುಳಿದಿರುವುದು ಹೊಳಪಿನ ಪ್ರಶ್ನೆ. ಅಕ್ರಿಲಿಕ್ ಹಾಳೆ ಹಿಂದಿರುಗಿಸುವುದು ಬೆಳಕಿನ ಹತ್ತರಲ್ಲೊಂದು ಪಾಲನ್ನು ಮಾತ್ರ. ಘಟ್ಟದ ಮಬ್ಬಿನಲ್ಲಿ ಚಿಕ್ಕ ಓಎಲ್‌ಇಡಿ ಪರದೆಗೆ ಅದು ಸಾಲುತ್ತದೆ, ಕುಮಟಾ ಮುಟ್ಟಿ 66ನೇ ಹೆದ್ದಾರಿಯ ಬಿಸಿಲಿಗೆ ಬಂದೊಡನೆ ಅಂಕಿ ಕರಗಿಹೋಗುತ್ತದೆ. ಮುಂಗಾಜಿಗೆ ಪ್ರತಿಫಲಕ ಫಿಲ್ಮ್ ಅಂಟಿಸುವುದನ್ನು ನಾನು ಒಪ್ಪುವುದಿಲ್ಲ. ಮಂಜಿನಲ್ಲಿ ರಸ್ತೆಯ ಬೆಳಕನ್ನು ಕಡಿಮೆ ಮಾಡುವ ಯಾವುದೂ ಈ ಕೆಲಸದ ಉದ್ದೇಶಕ್ಕೇ ವಿರುದ್ಧ. ಅದರ ಬದಲು ಏಳು ಗೆರೆಗಳಿಂದ ಅಂಕಿ ಮೂಡಿಸುವ ಹಸಿರು ಸೆವೆನ್ ಸೆಗ್ಮೆಂಟ್ ಎಲ್‌ಇಡಿಯನ್ನು, ಅದನ್ನು ನಿಯಂತ್ರಿಸುವ ಮ್ಯಾಕ್ಸ್7219 ಚಿಪ್ಪಿನೊಂದಿಗೆ ಜೋಡಿಸುತ್ತಿದ್ದೇನೆ. ಅದರಲ್ಲಿ ಹೊಳಪಿಗೆ 16 ಹಂತಗಳಿವೆ. ಹಗಲಿಗೆ ಹೆಚ್ಚಿಸಿ ರಾತ್ರಿಗೆ ತಗ್ಗಿಸುವ ಕೆಲಸವನ್ನು ಬೆಳಕು ಅಳೆಯುವ ಒಂದು ಎಲ್‌ಡಿಆರ್ ನೋಡಿಕೊಳ್ಳುತ್ತದೆ.