ಬಿದ್ದವನೇ ಶುರು ಮಾಡಬೇಕು
ದಾವಣಗೆರೆ ಹೈಸ್ಕೂಲ್ ಮೈದಾನದಲ್ಲಿ ಕಬಡ್ಡಿ ನೋಡಿ ಬೆಳೆದ ನನಗೆ ರಗ್ಬಿ ಲೀಗ್‌ನಲ್ಲಿ (13 ಜನರ ತಂಡದ ರಗ್ಬಿ) ತುಂಬಾ ಇಷ್ಟವಾಗೋದು ಟ್ಯಾಕಲ್, ಅಂದ್ರೆ ಚೆಂಡು ಹಿಡಿದು ಓಡುವವನನ್ನು ಎದುರಾಳಿಗಳು ಹಿಡಿದು ಕೆಡವೋದು, ಆದ ಮೇಲಿನ ಆ ಎರಡು ಮೂರು ಸೆಕೆಂಡು. ಕಬಡ್ಡಿಯಲ್ಲಿ ಸಿಕ್ಕಿಬಿದ್ದ ರೈಡರ್ ಹೊರಗೆ ಹೋಗಬೇಕು. ಇಲ್ಲಿ ಹಾಗಲ್ಲ, ಕೆಳಗೆ ಬಿದ್ದವನೇ ಆಟ ಶುರು ಮಾಡಬೇಕು. ಹಿಡಿದವರು ಬಿಡುತ್ತಿದ್ದ ಹಾಗೆ ಎದ್ದು, ಎದುರಾಳಿಯ ಗೋಲ್ ಗೆರೆ ಕಡೆ ಮುಖ ಮಾಡಿ, ಚೆಂಡನ್ನು ನೆಲಕ್ಕಿಟ್ಟು ಕಾಲಲ್ಲಿ ಹಿಂದಕ್ಕೆ ಉರುಳಿಸುತ್ತಾನೆ. ಬೆನ್ನ ಹಿಂದೆ ಬಗ್ಗಿ ನಿಂತ ತನ್ನದೇ ತಂಡದವನು, ಅವನನ್ನು ಡಮ್ಮಿ ಹಾಫ್ ಅಂತಾರೆ, ಅದನ್ನು ಎತ್ತಿಕೊಂಡು ಪಾಸ್ ಮಾಡುತ್ತಾನೆ, ಇಲ್ಲಾ ತಾನೇ ಓಡುತ್ತಾನೆ. ಎದುರಾಳಿ ತಂಡದ ಇಬ್ಬರು (ಮಾರ್ಕರ್) ಮಾತ್ರ ಎದುರಿಗೆ ನಿಲ್ಲಬಹುದು, ಆ ತಂಡದ ಉಳಿದವರೆಲ್ಲ 10 ಮೀಟರ್ ಹಿಂದಕ್ಕೆ. ಅದಕ್ಕೇ ನೋಡಿ, ಹಿಡಿದವರು ಸುಮ್ನೆ ಮೈಮೇಲೆ ಒರಗಿಕೊಂಡೇ ಇರುತ್ತಾರೆ, ಅಷ್ಟರಲ್ಲಿ ತಮ್ಮವರು ಸಾಲಾಗಿ ನಿಂತುಕೊಳ್ಳಲಿ ಅಂತ. ಜಾಸ್ತಿ ಹೊತ್ತು ಒತ್ತಿ ಹಿಡಿದರೆ ರೆಫರಿ ಪೆನಾಲ್ಟಿ ಕೊಡಬಹುದು.

1906ರಲ್ಲಿ ತಂಡವನ್ನು 15ರಿಂದ 13 ಜನಕ್ಕೆ ಇಳಿಸಿದಾಗ ಬಂದಿದ್ದು, ಬಿದ್ದವನೇ ಎದ್ದು ಚೆಂಡು ಉರುಳಿಸುವ ಈ ನಿಯಮ. ಆಗ ಒಂದು ತಂಡ ಎಷ್ಟು ಸಲ ಟ್ಯಾಕಲ್ ಆದರೂ ಚೆಂಡು ಇಟ್ಟುಕೊಳ್ಳಬಹುದಿತ್ತು, ಈಗ ಮಿತಿ 6, ಆಮೇಲೆ ಚೆಂಡು ಎದುರಾಳಿಗೆ.

ಟ್ರೈ ಹೊಡೆದವನ (ಗೋಲ್ ಗೆರೆ ಆಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿ ಅಂಕ ತಂದವನ) ಹೆಸರು ಎಲ್ಲರಿಗೂ ಗೊತ್ತಾಗುತ್ತೆ. ಅದಕ್ಕೂ ಮುಂಚೆ ಮೂರು ಜನರ ಅಡಿಯಿಂದ ತಟ್ಟನೆ ಎದ್ದು ಚೆಂಡು ಉರುಳಿಸಿದವನು ಯಾರ ಲೆಕ್ಕಕ್ಕೂ ಬರಲ್ಲ ಅಲ್ವಾ, ನಾನಂತೂ ಅವನಿಗೇ ಮೊದಲು ಚಪ್ಪಾಳೆ ತಟ್ಟುತ್ತೇನೆ.