ದೀರ್ಘಶಾಂತಿ ಎಂಬ ಪದದ ಮುಂದೆ

ಕಳೆದ ವರ್ಷ ಜೂನ್ ತಿಂಗಳಲ್ಲಿ, ಅಪ್ಪ ಕಟ್ಟಿಸಿದ ಮನೆಯ ಹಂಚಿನ ಮಾಡು ಸೋರತೊಡಗಿದಾಗ, ದುರಸ್ತಿಯ ಖರ್ಚಿನ ವಿಷಯವಾಗಿ ನನಗೂ ನನ್ನ ತಮ್ಮನಿಗೂ ಮಾತು ಬೆಳೆಯಿತು. ಮನೆಯವರೆಲ್ಲರ ಎದುರಿಗೆ ನಾನು, "ಅಪ್ಪನ ಔಷಧಿಗೆ ಒಂದು ರೂಪಾಯಿ ಕೊಡದವನು ಮಾಡಿನ ಲೆಕ್ಕ ಕೇಳಬೇಡ" ಎಂದುಬಿಟ್ಟೆ. ಅವನು ಕೈಯಲ್ಲಿದ್ದ ಕಾಫಿಯ ಲೋಟವನ್ನು ಕಿಟಕಿಯ ಬಳಿ ಇಟ್ಟು, ಚಪ್ಪಲಿ ಮೆಟ್ಟಿಕೊಂಡು, ಸುರಿಯುವ ಮಳೆಯಲ್ಲೇ ಹೊರಟುಹೋದ. ಲೋಟದಲ್ಲಿ ಅರ್ಧ ಕಾಫಿ ಹಾಗೆಯೇ ಉಳಿದಿತ್ತು. ಅಪ್ಪ ಹಾಸಿಗೆ ಹಿಡಿದಿದ್ದ ವರ್ಷ ತಮ್ಮನಿಗೆ ಕೆಲಸವೇ ಇರಲಿಲ್ಲವೆಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆ ಮಾತನ್ನು ಆರಿಸಿ ಆಡಿದ್ದೆ.

ಆಮೇಲಿನ ತಿಂಗಳುಗಳಲ್ಲಿ ನಾನು ಸುಮ್ಮನಿದ್ದೆ, ಆ ಸುಮ್ಮನಿರುವಿಕೆಯನ್ನೇ ತಾಳ್ಮೆ ಎಂದು ತಿಳಿದಿದ್ದೆ. ಒಳಗೆ ಮಾತ್ರ ಸಿಟ್ಟು ಬೂದಿ ಮುಚ್ಚಿದ ಕೆಂಡದಂತೆ ಇತ್ತು. ಸೂರ್ಯ ಮುಳುಗುವ ಮುಂಚೆ ಸಿಟ್ಟು ತೀರಬೇಕೆಂದು ಯೇಸುವಿನ ಅಪೊಸ್ತಲನಾದ ಪೌಲನು ಎಫೆಸ ಪಟ್ಟಣದ ಕ್ರೈಸ್ತರಿಗೆ ಬರೆದದ್ದನ್ನು ಬಾಲ್ಯದಿಂದ ಕೇಳಿದವನು ನಾನು.

ನಮ್ಮ ಕನ್ನಡ ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ದೀರ್ಘಶಾಂತಿ ಎಂಬ ಪದವಿದೆ; ಬೇಗ ಸಿಟ್ಟಾಗದ ತಾಳ್ಮೆ ಎಂದು ಅದರ ಅರ್ಥ. ಪೌಲನೇ ಗಲಾತ್ಯದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಅದು ಪವಿತ್ರಾತ್ಮನ ಫಲಗಳ ಸಾಲಿನಲ್ಲಿ ಬರುತ್ತದೆ. ಹಳೆಯ ಒಡಂಬಡಿಕೆಯಲ್ಲಿ ದೇವರನ್ನು ದೀರ್ಘಶಾಂತನೆಂದು ಕರೆಯುವಲ್ಲಿ ಹೀಬ್ರೂ ಮಾತಿನ ನೇರ ಅರ್ಥ 'ಉದ್ದ ಮೂಗಿನವನು' ಎಂದು. ಆ ಭಾಷೆಯಲ್ಲಿ ಮೂಗಿಗೂ ಕೋಪಕ್ಕೂ ಒಂದೇ ಪದ. ಮೂಗಿನ ತುದಿಯಲ್ಲೇ ಸಿಟ್ಟು ಎನ್ನುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಸಿಟ್ಟಿಗೆ ನಡೆಯಲು ದಾರಿಯೇ ಇರಲಿಲ್ಲ, ಹುಟ್ಟಿದಲ್ಲೇ ತುದಿ ಮುಟ್ಟಿತ್ತು.

ಈ ಪದವನ್ನು ಹುಡುಕುತ್ತ ಹೋದವನು ಯೋನನ ಪುಸ್ತಕದ 4ನೇ ಅಧ್ಯಾಯದಲ್ಲಿ ನಿಂತುಬಿಟ್ಟೆ. ನಾಶವಾಗುವಿರಿ ಎಂದು ಪ್ರವಾದಿ ಯೋನನು ಸಾರಿದ್ದ ನಿನೆವೆ ಪಟ್ಟಣದ ಜನ ಪಶ್ಚಾತ್ತಾಪಪಟ್ಟು ಉಳಿದುಕೊಂಡಾಗ ಅವನು ಕೋಪಗೊಂಡು, ನೀನು ದೀರ್ಘಶಾಂತನೆಂದು ನನಗೆ ಮೊದಲೇ ಗೊತ್ತಿತ್ತು ಎಂದು ಅದನ್ನೇ ಒಂದು ದೂರಿನಂತೆ ದೇವರ ಮುಂದೆ ಹೇಳುತ್ತಾನೆ. ದೇವರು ಗದರುವುದಿಲ್ಲ. ನೀನು ಸಿಟ್ಟಾಗುವುದು ಸರಿಯೋ ಎಂದು ಕೇಳುತ್ತಾನೆ, ಅಷ್ಟೇ. ನೆರಳು ಕೊಟ್ಟ ಗಿಡ ಒಣಗಿದಾಗ ಮತ್ತೆ ಅದೇ ಪ್ರಶ್ನೆ ಬರುತ್ತದೆ, ಸಾಯುವಷ್ಟು ಸಿಟ್ಟಾಗುವುದೂ ಸರಿಯೇ ಎಂದು ಯೋನನು ಹಟ ಹಿಡಿಯುತ್ತಾನೆ. ಒಂದು ಗಿಡಕ್ಕಾಗಿ ನೀನು ಮರುಗುವುದಾದರೆ, 1,20,000ಕ್ಕೂ ಹೆಚ್ಚು ಜನರೂ ಬಹಳ ದನಕರುಗಳೂ ಇರುವ ಊರಿಗಾಗಿ ನಾನು ಮರುಗಬಾರದೇ ಎಂಬ ದೇವರ ಮಾತಿನಲ್ಲಿ ಪುಸ್ತಕ ಮುಗಿಯುತ್ತದೆ. ಯೋನನ ಉತ್ತರವನ್ನು ಬರೆದಿಲ್ಲ. ಆ ಖಾಲಿ ಜಾಗದಲ್ಲಿ ಉತ್ತರ ಕೊಡಬೇಕಾದವನು ನಾನೇ ಎಂದು ಅನ್ನಿಸಿದ ರಾತ್ರಿ ನನಗೆ ಪ್ರಾರ್ಥನೆಯ ಮಾತು ಹೊರಡಲಿಲ್ಲ, ಅಳು ಮಾತ್ರ ಬಂತು.

ನಾವು ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ಎಂಬ ಕ್ರೈಸ್ತ ಸಭೆಯವರು. 1947ರಲ್ಲಿ ಬೇರೆ ಬೇರೆ ಪ್ರೊಟೆಸ್ಟೆಂಟ್ ಸಭೆಗಳು ಸೇರಿ ಒಂದಾದ ಮೇಲೆ 1950ರಲ್ಲಿ ಸಿದ್ಧವಾದ ಆರಾಧನಾ ಕ್ರಮದಲ್ಲಿ, ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಮುಂಚೆ ಒಬ್ಬರಿಗೊಬ್ಬರು ಸಮಾಧಾನವನ್ನು ಹಂಚಿಕೊಳ್ಳುವ ಪದ್ಧತಿಯನ್ನು ಸೇರಿಸಿದರು. ಬಲ ಅಂಗೈಗೆ ಬಲ ಅಂಗೈ ತಾಗಿಸಿ, ಇಬ್ಬರೂ ಎಡಗೈಯನ್ನು ಮತ್ತೊಬ್ಬರ ಬಲಗೈಯ ಮೇಲೆ ಮುಚ್ಚಬೇಕು. ಕಾಣಿಕೆಯನ್ನು ಬಲಿಪೀಠದ ಮುಂದೆ ಬಿಟ್ಟು ಮೊದಲು ಸಹೋದರನೊಂದಿಗೆ ಒಂದಾಗು ಎಂದು ಯೇಸು ಹೇಳಿದ್ದನ್ನು ಕೈಯಿಂದ ಮಾಡಿ ತೋರಿಸುವ ಕ್ರಮವಿದು ಎಂದು ನಾನು ನಂಬುತ್ತೇನೆ.

ಆ ಅಳುವಿನ ರಾತ್ರಿ ಕಳೆದು ಬಂದ ಭಾನುವಾರ ನಾನು ನನ್ನ ಸಾಲನ್ನು ಬಿಟ್ಟು, ಎದುರು ಬದಿಯಲ್ಲಿ ಹಿಂದೆ ನಿಂತಿದ್ದ ತಮ್ಮನ ಬಳಿಗೆ ಹೋದೆ. ಅವನು ಬಲಗೈ ಚಾಚಿದ, ಎಡಗೈ ಮೇಲೆತ್ತಲಿಲ್ಲ. ಆರಾಧನೆ ಮುಗಿದ ಮೇಲೆ ಗೇಟಿನ ಬಳಿ, ಆಡಿದ ಮಾತನ್ನು ಅದೇ ಪದಗಳಲ್ಲಿ ಮತ್ತೆ ಹೇಳಿ, ಅದು ಅನ್ಯಾಯದ ಮಾತು, ಕ್ಷಮಿಸು ಎಂದು ಕೇಳಿಕೊಂಡೆ.

"ನನಗೆ ಸ್ವಲ್ಪ ಸಮಯ ಬೇಕು, ಅಣ್ಣಾ" ಎಂದ.

ಈಗ ಕಾಯುವ ಸರದಿ ನನ್ನದು. ಪ್ರತಿ ಭಾನುವಾರ ಅವನು ಹೊರಬರುವವರೆಗೆ ಗೇಟಿನ ಬಳಿ ನಿಂತಿರುತ್ತೇನೆ. ಹೋದ ವಾರ, ಮಾಡಿನ ಮರದ ಪಕಾಸು ಹುಳ ಹಿಡಿದಿದೆಯೇ ಎಂದು ಅವನಾಗಿಯೇ ಕೇಳಿದ.