ಕೈಗೆ ಕೆಲಸವಿಲ್ಲದ ಡ್ರೈವರ್

2018ರ ಮಾರ್ಚ್ 18ರ ರಾತ್ರಿ ಅಮೆರಿಕದ ಅರಿಝೋನಾದ ಟೆಂಪಿಯಲ್ಲಿ ಆದ ಅಪಘಾತದ ಬಗ್ಗೆ ಓದುತ್ತಾ ಕೂತಿದ್ದೆ. ಉಬರ್ ಪರೀಕ್ಷಿಸುತ್ತಿದ್ದ ಸ್ವಯಂಚಾಲಿತ ಕಾರು, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಹೆಂಗಸಿಗೆ ಗುದ್ದಿತು. ಆಕೆ ತೀರಿಕೊಂಡರು. ಡಿಕ್ಕಿಗೆ 5.6 ಸೆಕೆಂಡ್ ಮೊದಲೇ ಸೆನ್ಸರ್‌ಗೆ ಆಕೆ ಕಂಡಿದ್ದರು. ಸಾಫ್ಟ್‌ವೇರ್ ಮಾತ್ರ ಒಮ್ಮೆ ವಾಹನ ಅಂದಿತು, ಒಮ್ಮೆ ಸೈಕಲ್ ಅಂದಿತು, ಪಾದಚಾರಿ ಅಂತ ಗುರುತಿಸಲೇ ಇಲ್ಲ. ಕಾರಿನ ಮೇಲೆ ಕಣ್ಣಿಡಲೆಂದು ಸ್ಟೀರಿಂಗ್ ಮುಂದೆ ಕೂರಿಸಿದ್ದ ಡ್ರೈವರ್ ಕಣ್ಣು ಮೊಬೈಲಿನಲ್ಲಿತ್ತು.

ತಪ್ಪೆಲ್ಲ ಆ ಡ್ರೈವರದೇ ಅಂದುಬಿಡಲು ನನಗೆ ಮನಸ್ಸು ಒಪ್ಪುವುದಿಲ್ಲ. ಮೊದಲು ಇಬ್ಬರು ಕೂರುತ್ತಿದ್ದ ಕಾರಿನಿಂದ ಕಂಪನಿ ಒಬ್ಬರನ್ನು ಇಳಿಸಿತ್ತು. ಅದೇ ದಾರಿ, ಗಂಟೆಗಟ್ಟಲೆ, ಸುಮ್ಮನೆ ನೋಡುತ್ತಾ ಕೂರುವ ಕೆಲಸ. ಯಾರ ಗಮನವೂ ಹಾಗೆ ನಿಲ್ಲೋದಿಲ್ಲ. ಯಂತ್ರ ಚೆನ್ನಾಗಿ ಓಡಿದ ಹಾಗೆಲ್ಲ ಕಣ್ಣು ರಸ್ತೆ ಬಿಟ್ಟು ಬೇರೆ ಕಡೆ ಹೋಗುತ್ತೆ.

ಈಗ ನಮ್ಮಲ್ಲೂ ರಸ್ತೆಯ ಬಿಳಿ ಗೆರೆ ನೋಡಿ ತಾವೇ ಲೇನ್ ಹಿಡಿದು ಓಡುವ ಕಾರುಗಳು ಬಂದಿವೆಯಲ್ಲ. ಮೊನ್ನೆ ಮೈಸೂರು ಹೈವೇಯಲ್ಲಿ ಭಾವ ಸ್ಟೀರಿಂಗ್ ಬಿಟ್ಟು ಎರಡೂ ಕೈ ಎತ್ತಿ ತೋರಿಸಿದರು. ಡ್ಯಾಶ್‌ಬೋರ್ಡ್ ಟಿಣ್ ಟಿಣ್ ಅಂತ ಬಡಿದುಕೊಂಡಿತು. "ಭಾವ, ದಯವಿಟ್ಟು ಕೈ ಇಡಿ" ಅಂದೆ. ಬಿಳಿ ಗೆರೆ ಅಳಿಸಿಹೋದ ಕಡೆ, ಜೋರು ಮಳೆಯಲ್ಲಿ ಈ ಲೇನ್ ಹಿಡಿಯುವ ವ್ಯವಸ್ಥೆ ಕೈಕೊಡಬಹುದು ಅಂತ ಶೋರೂಮಿನಲ್ಲಿ ಅವರಿಗೆ ಯಾರೂ ಹೇಳಿರಲಿಲ್ಲವಂತೆ.